ಗಲ್ಫಿನಿಂದ ತಂದ ಹಾರ್ಡ್‌ಡಿಸ್ಕ್ ರೆಕಾರ್ಡರಿನಿಂದ ವಿಡಿಯೋ ಹೊರಗೆ ತೆಗೆಯುವುದು ಹೇಗೆ?

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ‘ಅಣ್ಣ ದುಬೈಯಿಂದ ತಂದ ರೆಕಾರ್ಡರ್ ಇದೆ. ಅದರಲ್ಲಿ ಮದುವೆ, ಉಪನಯನ, ಊರಿನ ಯಕ್ಷಗಾನ ಆಟ ಎಲ್ಲ ಉಂಟು. ಹಾರ್ಡ್‌ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಆಗ್ತದಾ?’

ಆಗುವುದಿಲ್ಲ. ಅದನ್ನು ಮೊದಲ ಕೆಲಸವಾಗಿ ಮಾಡಲೇಬೇಡಿ. ಈ ಯಂತ್ರಗಳು ಹಾರ್ಡ್‌ಡಿಸ್ಕಿನಲ್ಲಿ ವಿಡಿಯೋವನ್ನು ತಮ್ಮದೇ ಕ್ರಮದಲ್ಲಿ ಬರೆದಿಡುತ್ತವೆ, ವಿಂಡೋಸಿಗೆ ಅದು ಓದಲು ಬರುವುದಿಲ್ಲ. ಓದಲು ಬಾರದ ಡಿಸ್ಕ್ ಕಂಡ ಕೂಡಲೇ ವಿಂಡೋಸ್ ‘ಫಾರ್ಮ್ಯಾಟ್ ಮಾಡಲಾ?’ ಎಂದು ಕೇಳುತ್ತದೆ, ನಾವು ಸುಮ್ನೆ ಓಕೆ ಒತ್ತುತ್ತೇವೆ. ಅಲ್ಲಿಗೆ ಮದುವೆ ಹೋಯಿತು, ಉಪನಯನವೂ ಹೋಯಿತು. ಯಂತ್ರ ಇನ್ನೂ ಓಡುತ್ತಿದೆ ಎಂದಾದರೆ ಅದರ ಕೈಯಿಂದಲೇ ಡಿವಿಡಿಗೆ ಕಾಪಿ ಮಾಡಿಸಿ, ಆ ಡಿವಿಡಿಯಿಂದ ಕಂಪ್ಯೂಟರಿಗೆ ತೆಗೆದುಕೊಳ್ಳುವುದೇ ಸರಿಯಾದ ದಾರಿ. ಸ್ವಲ್ಪ ನಿಧಾನ. ಆದರೆ ಚಿತ್ರ ಒಂಚೂರೂ ಕೆಡದೆ ಬರುತ್ತದೆ.

ನಾನು ಹೇಳುತ್ತಿರುವುದು ಡಿವಿಡಿ ಪ್ಲೇಯರಿನಂತೆ ಕಾಣುವ ಪೆಟ್ಟಿಗೆಗಳ ಬಗ್ಗೆ. ಮುಂದೆ ಡಿಸ್ಕ್ ಹಾಕುವ ಟ್ರೇ, ಒಳಗೆ 80, 160 ಅಥವಾ 250 ಜಿಬಿಯ ಹಾರ್ಡ್‌ಡಿಸ್ಕ್. ಪ್ಯಾನಸೋನಿಕ್, ಸೋನಿ, ಪಯೋನಿಯರ್, ತೋಶಿಬಾ, ಫಿಲಿಪ್ಸ್, ಎಲ್‌ಜಿ ಎಲ್ಲರೂ ಮಾಡುತ್ತಿದ್ದರು. ಹಾರ್ಡ್‌ಡಿಸ್ಕಿಗೆ ಟಿವಿ ರೆಕಾರ್ಡ್ ಮಾಡುವ ಪೆಟ್ಟಿಗೆಗಳು ಅಮೆರಿಕದಲ್ಲಿ 1999ರಲ್ಲೇ ಬಂದಿದ್ದವು, ಟಿವೋ ಹೆಸರು ಕೇಳಿರಬಹುದು. ನಮ್ಮ ಕಡೆಗೆ ಬಂದದ್ದು ಹೆಚ್ಚಾಗಿ ಗಲ್ಫಿನ ಪೆಟ್ಟಿಗೆಗಳಲ್ಲಿ, ಟಿವಿ ಮತ್ತು ಕಂಬಳಿಯ ಜೊತೆ. ಕೇಬಲ್ ಪೂರ್ತಿ ಡಿಜಿಟಲ್ ಆದ 2017ರ ನಂತರ ಇವುಗಳ ಒಳಗಿನ ಟ್ಯೂನರಿಗೆ ಕೆಲಸ ಇಲ್ಲದಂತಾಗಿ ಹೆಚ್ಚಿನವು ಅಟ್ಟ ಸೇರಿದವು.

ಈಗ ಅಂಗಡಿಗೆ ಹೋಗಿ ‘ಡಿವಿಆರ್’ ಎಂದರೆ ಸಿಸಿಟಿವಿ ಕ್ಯಾಮೆರಾದ ಪೆಟ್ಟಿಗೆ ತೋರಿಸುತ್ತಾರೆ. ಅದು ಬೇರೆಯೇ ವಸ್ತು, ನಮ್ಮ ಕೆಲಸಕ್ಕೆ ಬರುವುದಿಲ್ಲ.

ಬೇಕಾಗುವ ಸಾಮಾನು

ಯಂತ್ರದ ರಿಮೋಟ್, ಟಿವಿಗೆ ಹೋಗುವ ಕೇಬಲ್, ಕೆಲವು ಡಿವಿಡಿ ಡಿಸ್ಕುಗಳು, ಡಿವಿಡಿ ಓದುವ ಕಂಪ್ಯೂಟರ್. ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಯ ಹೊರಗಿನ ಡ್ರೈವ್ ತೆಗೆದುಕೊಳ್ಳಿ. ಕೊನೆಗೆ ಎಲ್ಲ ತುಂಬಿಸಿಡಲು ಒಂದು ಪೋರ್ಟಬಲ್ ಹಾರ್ಡ್‌ಡಿಸ್ಕ್, ಸಾಧ್ಯವಾದರೆ ಎರಡು.

ರಿಮೋಟ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಯಂತ್ರದ ಮುಂಭಾಗದಲ್ಲಿ ಇರುವುದು ಪವರ್, ರೆಕಾರ್ಡ್, ಸ್ಟಾಪ್, ಅಷ್ಟೇ. ಕಾಪಿ ಮಾಡುವ ಮೆನು ರಿಮೋಟಿನಿಂದ ಮಾತ್ರ ತೆರೆಯುತ್ತದೆ. ಇನ್ನೂರು ರೂಪಾಯಿಯ ಯುನಿವರ್ಸಲ್ ರಿಮೋಟಿನಲ್ಲಿ ಆ ಬಟನ್ ಇರುವುದಿಲ್ಲ. ರಿಮೋಟ್ ಕಳೆದಿದ್ದರೆ ಯಂತ್ರದ ಹಿಂದೆ ಬರೆದ ಮಾಡೆಲ್ ನಂಬರ್ ನೋಡಿ ಅದಕ್ಕೇ ಹೊಂದುವುದನ್ನು ಆನ್‌ಲೈನ್‌ನಲ್ಲಿ ಹುಡುಕಿ. ಇರುವ ರಿಮೋಟ್ ಕೆಲಸ ಮಾಡುತ್ತದೋ ತಿಳಿಯಬೇಕಾದರೆ ಅದರ ತುದಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ. ಕ್ಯಾಮೆರಾದಲ್ಲಿ ನೇರಳೆ ಬೆಳಕು ಮಿನುಗಿದರೆ ರಿಮೋಟಿಗೆ ಜೀವ ಇದೆ. ಕೆಲವು ಮೊಬೈಲಿನ ಹಿಂದಿನ ಕ್ಯಾಮೆರಾದಲ್ಲಿ ಇದು ಕಾಣಿಸುವುದಿಲ್ಲ, ಸೆಲ್ಫಿ ಕ್ಯಾಮೆರಾದಲ್ಲಿಯೂ ನೋಡಿ.

1. ಯಂತ್ರವನ್ನು ಎಬ್ಬಿಸುವುದು

ಅಟ್ಟದಿಂದ ಇಳಿಸಿದ ಕೂಡಲೇ ಕರೆಂಟು ಕೊಡಬೇಡಿ. ನಮ್ಮ ಮಳೆಗಾಲದ ತೇವ ಒಳಗೆ ಕೂತಿರುತ್ತದೆ. ಒಣಗಿದ ಕೋಣೆಯಲ್ಲಿ ಎರಡು ದಿನ ಇಡಿ, ಹೊರಗಿನ ಧೂಳು ಒರೆಸಿ. ದುಬೈ, ಕುವೈತ್, ಕತಾರಿನಿಂದ ಬಂದದ್ದಾದರೆ ವೋಲ್ಟೇಜಿನ ತೊಂದರೆ ಇಲ್ಲ, ಅಲ್ಲೂ ಇಲ್ಲಿನಂತೆ 220ರಿಂದ 240 ವೋಲ್ಟ್, 50 ಹರ್ಟ್ಸ್. ಸೌದಿಯಿಂದ ಬಂದದ್ದಾದರೆ ಮಾತ್ರ ಹಿಂದೆ ಬರೆದ ವೋಲ್ಟೇಜ್ ಓದಿ, ಅಲ್ಲಿನ ಮನೆಗಳಲ್ಲಿ 127 ವೋಲ್ಟಿನ ಲೈನೂ ಇತ್ತು.

ಮೂರು ಚೌಕ ಕಾಲಿನ ಗಲ್ಫ್ ಪ್ಲಗ್ಗನ್ನು ಸಡಿಲವಾದ ಅಡಾಪ್ಟರಿಗೆ ಸಿಕ್ಕಿಸಿ ಕೆಲಸ ಮಾಡಬೇಡಿ. ಡಿಸ್ಕ್ ಬರೆಯುತ್ತಿರುವಾಗ ಪ್ಲಗ್ ಅಲುಗಾಡಿದರೆ ಆ ಡಿಸ್ಕ್ ಹಾಳು. ಹೆಚ್ಚಿನ ಯಂತ್ರಗಳಿಗೆ ಎಂಟರ ಆಕಾರದ ತುದಿಯ ಕೇಬಲ್ ಇರುತ್ತದೆ. ಇಂಡಿಯನ್ ಪ್ಲಗ್ ಇರುವ ಅಂಥದೇ ಕೇಬಲ್ ಯಾವ ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ, ಅದನ್ನು ಹಾಕಿ. ಕಂಪ್ಯೂಟರಿನ ಯುಪಿಎಸ್ ಇದ್ದರೆ ಅದರ ಮೂಲಕ ಕೊಡಿ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ ಅಲ್ವಾ? ಎಪ್ರಿಲ್, ಮೇ ಮತ್ತು ತುಲಾ ತಿಂಗಳಿನಲ್ಲಾದರೆ (ಅಕ್ಟೋಬರ್-ನವೆಂಬರ್) ಬೆಳಿಗ್ಗೆಯೇ ಕೆಲಸ ಮುಗಿಸಿ. ಮಧ್ಯಾಹ್ನದ ಮೇಲೆ ಸಿಡಿಲು ಬರುವ ಸೂಚನೆ ಕಂಡರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೂ ಡಿಶ್ಶಿನ ವಯರನ್ನೂ ಕಿತ್ತಿಡಿ.

ಆನ್ ಮಾಡಿದಾಗ ಕಿವಿಗೊಡಿ. ಮೆಲ್ಲಗೆ ಗುಂಯ್ ಎಂದರೆ ಒಳ್ಳೆಯದು. ಟಿಕ್, ಟಿಕ್, ಟಿಕ್ ಎಂದು ಒಂದೇ ತಾಳದಲ್ಲಿ ಬಡಿದುಕೊಂಡರೆ ಹಾರ್ಡ್‌ಡಿಸ್ಕ್ ಸಾಯುತ್ತಿದೆ, ಕೂಡಲೇ ಆಫ್ ಮಾಡಿ ನೇರವಾಗಿ 7ನೇ ಹಂತಕ್ಕೆ ಹೋಗಿ.

ಇನ್ನೊಂದು ಮುಖ್ಯ ಎಚ್ಚರಿಕೆ. ಟಿವಿ ಪರದೆಯಲ್ಲಿ ‘ಎಚ್‌ಡಿಡಿ ಎರರ್, ಫಾರ್ಮ್ಯಾಟ್ ಮಾಡಿ’ ಎಂಬಂಥ ಸಂದೇಶ ಬರಬಹುದು. ಎಚ್‌ಡಿಡಿ ಎಂದರೆ ಒಳಗಿನ ಹಾರ್ಡ್‌ಡಿಸ್ಕ್. ‘ಇನಿಶಿಯಲೈಸ್’ ಎಂದರೂ ಅದೇ ಅರ್ಥ, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು. ಇಲ್ಲ ಎನ್ನಿ. ಬೇರೆ ಯಾವ ಬಟನ್ ಒತ್ತಬೇಕೆಂದು ತಿಳಿಯದಿದ್ದರೆ ಪವರ್ ಒತ್ತಿ ಆಫ್ ಮಾಡಿ.

2. ಒಳಗೆ ಏನೇನಿದೆ ಎಂದು ಬರೆದುಕೊಳ್ಳುವುದು

ರಿಮೋಟಿನಲ್ಲಿ ಎಚ್‌ಡಿಡಿ ಆಯ್ದು ಟೈಟಲ್ ಪಟ್ಟಿ ತೆರೆಯಿರಿ. ಟೈಟಲ್ ಎಂದರೆ ಒಂದು ಸಲ ರೆಕಾರ್ಡ್ ಒತ್ತಿ ನಿಲ್ಲಿಸುವವರೆಗಿನ ಒಂದು ತುಂಡು. ಒಂದೊಂದನ್ನೂ ಎರಡು ನಿಮಿಷ ನೋಡಿ ಕಾಗದದಲ್ಲಿ ಬರೆಯಿರಿ: ಏನು, ಎಷ್ಟು ಹೊತ್ತು, ಯಾವ ಮೋಡ್.

ಮೋಡ್ ಎಂದರೆ ರೆಕಾರ್ಡಿಂಗಿನ ಗುಣಮಟ್ಟ. ಒಂದು ಸಾದಾ 4.7 ಜಿಬಿ ಡಿವಿಡಿಯಲ್ಲಿ ಎಕ್ಸ್‌ಪಿ ಮೋಡಾದರೆ 1 ಗಂಟೆ, ಎಸ್‌ಪಿಯಾದರೆ 2 ಗಂಟೆ, ಎಲ್‌ಪಿಯಾದರೆ 4 ಗಂಟೆ ಹಿಡಿಸುತ್ತದೆ. ಇಪಿ ಎಂದಿದ್ದರೆ 6 ಅಥವಾ 8 ಗಂಟೆ. ಈ ಲೆಕ್ಕದಲ್ಲಿ 160 ಜಿಬಿಯ ಯಂತ್ರ ತುಂಬಿದ್ದರೆ ಎಸ್‌ಪಿಯಲ್ಲಿ ಸುಮಾರು 68 ಗಂಟೆಯ ವಿಡಿಯೋ, ಅಂದರೆ ಹತ್ತಿರಹತ್ತಿರ 35 ಡಿಸ್ಕು.

ಪಟ್ಟಿ ಆದ ಮೇಲೆ ಗುರುತು ಹಾಕಿ. ಬೇರೆಲ್ಲೂ ಸಿಗದಿರುವುದು ಮೊದಲು: ಮನೆಯ ಸಮಾರಂಭ, ತೀರಿಕೊಂಡವರ ಮಾತು, ಊರಿನ ಕೋಲ, ಬ್ರಹ್ಮಕಲಶ, ಕ್ಯಾಮ್‌ಕಾರ್ಡರಿನಿಂದ ಹಾಕಿಸಿದ ತಾಳಮದ್ದಳೆ. ಆಮೇಲೆ ಟಿವಿಯಿಂದ ಹಿಡಿದ ಆಟಗಳು. ಸಿನಿಮಾ, ಕ್ರಿಕೆಟ್ ಕೊನೆಗೆ, ಅಥವಾ ಬೇಡವೇ ಬೇಡ. ಹಳೆಯ ಹಾರ್ಡ್‌ಡಿಸ್ಕ್ ಎಷ್ಟು ಗಂಟೆ ಬಾಳುತ್ತದೆ ಎಂದು ಯಾರೂ ಹೇಳಲಾರರು. ಅದರ ಉಳಿದ ಆಯುಷ್ಯವನ್ನು ಯಾವುದೋ ಹಳೆಯ ಸೀರಿಯಲ್ ಕಾಪಿ ಮಾಡುವುದಕ್ಕೆ ಖರ್ಚು ಮಾಡಬೇಡಿ.

ಜಾಗ ಮಾಡಲೆಂದು ಬೇಡದ್ದನ್ನು ಈಗ ಅಳಿಸುವ ಅಗತ್ಯ ಇಲ್ಲ. ಅಳಿಸುವಾಗಲೇ ಕೈ ತಪ್ಪಿ ಪಕ್ಕದ್ದು ಹೋಗುವುದು.

3. ಡಿಸ್ಕ್ ಆರಿಸುವುದು

35 ಡಿಸ್ಕ್ ಎಂದು ಕೇಳಿ ಹೆದರಬೇಡಿ. ಅಷ್ಟು ಕೊಳ್ಳಬೇಕಾಗಿಲ್ಲ. ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕುಗಳನ್ನು ಎರಡು ಮೂರು ತೆಗೆದುಕೊಂಡರೆ ಸಾಕು. ಯಂತ್ರದಲ್ಲಿ ಬರೆಯಿರಿ, ಕಂಪ್ಯೂಟರಿಗೆ ಇಳಿಸಿ, ಅಳಿಸಿ, ಮತ್ತೆ ಬರೆಯಿರಿ. ಒಂದು ಆರ್‌ಡಬ್ಲ್ಯೂ ಡಿಸ್ಕನ್ನು ಸುಮಾರು ಸಾವಿರ ಸಲ ಅಳಿಸಿ ಬರೆಯಬಹುದು ಎನ್ನುವುದು ತಯಾರಕರ ಲೆಕ್ಕ.

ಯಾವ ಜಾತಿಯ ಡಿಸ್ಕ್ ಎನ್ನುವುದಕ್ಕೆ ಯಂತ್ರದ ಟ್ರೇ ಮೇಲಿನ ಗುರುತು ನೋಡಿ. ಡಿವಿಡಿ ಮೈನಸ್ ಆರ್, ಪ್ಲಸ್ ಆರ್ ಎಂದರೆ ಒಂದೇ ಸಲ ಬರೆಯುವಂಥವು. ಆರ್‌ಡಬ್ಲ್ಯೂ ಎಂದರೆ ಅಳಿಸಬಹುದಾದವು. ಡಿವಿಡಿ ರ್‍ಯಾಮ್ ಎಂಬ ಇನ್ನೊಂದು ಜಾತಿ ಇದೆ, ಪ್ಯಾನಸೋನಿಕ್ ಮತ್ತು ತೋಶಿಬಾ ಯಂತ್ರಗಳಲ್ಲಿ ಜಾಸ್ತಿ. ಅದು ಗಟ್ಟಿ ಡಿಸ್ಕ್, ಆದರೆ ಎಲ್ಲ ಕಂಪ್ಯೂಟರ್ ಡ್ರೈವುಗಳೂ ಅದನ್ನು ಓದುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಡ್ರೈವಿನ ಮೇಲೆ ರ್‍ಯಾಮ್ ಎಂದು ಬರೆದಿದೆಯೇ ನೋಡಿ.

ಹಳೆಯ ಯಂತ್ರಗಳಿಗೆ ಹೊಸ, ಅತಿ ವೇಗದ ಡಿಸ್ಕುಗಳು ಒಮ್ಮೊಮ್ಮೆ ಹೊಂದುವುದಿಲ್ಲ. ಆದ್ದರಿಂದ ಮೊದಲು ಒಂದೇ ತಂದು ನೋಡಿ. ಕಟ್ಟು ಕಟ್ಟಾಗಿ ತರಬೇಡಿ.

4. ಕಾಪಿ ಮಾಡುವುದು

ಪಿತ್ರಾರ್ಜಿತ ಎಲ್ಲ ಹೋಗುವುದು ಸಾಮಾನ್ಯವಾಗಿ ಈ ಹಂತದಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಮೆನುವಿನಲ್ಲಿ ಇದನ್ನು ‘ಡಬ್ಬಿಂಗ್’ ಅಥವಾ ‘ಕಾಪಿ’ ಎಂದು ಬರೆದಿರುತ್ತದೆ. ಹಾರ್ಡ್‌ಡಿಸ್ಕಿನಿಂದ ಡಿವಿಡಿಗೆ ಎನ್ನುವ ದಿಕ್ಕು ಸರಿ ಇದೆಯೇ ಎಂದು ನೋಡಿ. ಕೆಲವು ಯಂತ್ರಗಳಲ್ಲಿ ‘ಮೂವ್’ ಎಂಬ ಆಯ್ಕೆಯೂ ಇದೆ. ಮೂವ್ ಎಂದರೆ ಡಿಸ್ಕಿಗೆ ಬರೆದ ಮೇಲೆ ಮೂಲವನ್ನು ಅಳಿಸುವುದು. ಡಿಸ್ಕ್ ಸರಿಯಾಗಿ ಬರೆಯದಿದ್ದರೆ ಎರಡೂ ಇಲ್ಲ. ಯಾವಾಗಲೂ ಕಾಪಿಯೇ ಇರಲಿ.

ಮುಂದೆ ವೇಗ ಕೇಳುತ್ತದೆ. ‘ಹೈ ಸ್ಪೀಡ್’ ಆಯ್ದುಕೊಳ್ಳಿ. ಅವಸರಕ್ಕಲ್ಲ, ಗುಣಮಟ್ಟಕ್ಕೆ. ಹೈ ಸ್ಪೀಡಿನಲ್ಲಿ ಯಂತ್ರ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತದೆ. ಎಸ್‌ಪಿ, ಎಲ್‌ಪಿ ಎಂದು ಮೋಡ್ ಆಯ್ದರೆ ವಿಡಿಯೋವನ್ನು ಬಿಚ್ಚಿ ಮತ್ತೆ ಕುಗ್ಗಿಸುತ್ತದೆ, ಚಿತ್ರ ಕೆಡುತ್ತದೆ, ಎರಡು ಗಂಟೆಯದಕ್ಕೆ ಎರಡು ಗಂಟೆಯೇ ಹಿಡಿಯುತ್ತದೆ. ಹೈ ಸ್ಪೀಡಿನಲ್ಲಾದರೆ ಡಿಸ್ಕಿನ ವೇಗಕ್ಕೆ ತಕ್ಕಂತೆ ಹತ್ತರಿಂದ ಮೂವತ್ತು ನಿಮಿಷದಲ್ಲಿ ಮುಗಿಯುತ್ತದೆ.

ಹೈ ಸ್ಪೀಡ್ ಆಯ್ಕೆ ಮಸುಕಾಗಿದ್ದು ಒತ್ತಲು ಬಾರದಿದ್ದರೆ? ಡಿವಿಡಿಗೆ ಬರೆಯುವ ಕ್ರಮ ಎರಡು. ವಿಡಿಯೋ ಮೋಡ್ ಎಂದರೆ ಯಾವ ಡಿವಿಡಿ ಪ್ಲೇಯರಿನಲ್ಲೂ ಓಡುವ ಸಾದಾ ಕ್ರಮ. ವಿಆರ್ ಮೋಡ್ ಎಂದರೆ ರೆಕಾರ್ಡರುಗಳ ಕ್ರಮ, ಇದರಲ್ಲಿ ನಿರ್ಬಂಧ ಕಡಿಮೆ. ಅಂದು ರೆಕಾರ್ಡ್ ಮಾಡುವಾಗ ಸೆಟ್ಟಿಂಗಿನಲ್ಲಿ ಹೈ ಸ್ಪೀಡ್ ಕಾಪಿಗೆ ಹೊಂದುವಂತೆ ಇಡದಿದ್ದರೆ ಈಗ ವಿಡಿಯೋ ಮೋಡಿನ ಡಿಸ್ಕಿಗೆ ಹೈ ಸ್ಪೀಡ್ ಸಿಗುವುದಿಲ್ಲ. ಆಗ ಮೈನಸ್ ಆರ್‌ಡಬ್ಲ್ಯೂ ಅಥವಾ ರ್‍ಯಾಮ್ ಡಿಸ್ಕನ್ನು ವಿಆರ್ ಮೋಡಿನಲ್ಲಿ ಫಾರ್ಮ್ಯಾಟ್ ಮಾಡಿ ಹಾಕಿ, ಹೆಚ್ಚಾಗಿ ಆಗುತ್ತದೆ. ಇಲ್ಲಿ ಫಾರ್ಮ್ಯಾಟ್ ಮಾಡಬೇಕಾದ್ದು ಖಾಲಿ ಡಿವಿಡಿಯನ್ನು ಮಾತ್ರ. ಪರದೆಯ ಮೇಲೆ ಡಿವಿಡಿ ಎಂದಿದೆಯೋ ಎಚ್‌ಡಿಡಿ ಎಂದಿದೆಯೋ ಎರಡು ಸಲ ಓದಿ.

ರಾತ್ರಿಯಿಡೀ ನಡೆದ ಆಟವನ್ನು ಒಂದೇ ಟೈಟಲ್ಲಾಗಿ ಹಿಡಿದವರಿಗೆ ಇನ್ನೊಂದು ತೊಂದರೆ. ಚೌಕಿ ಪೂಜೆಯಿಂದ ಮಂಗಳದವರೆಗೆ ಎಂಟು ಗಂಟೆ, ಎಲ್‌ಪಿಯಲ್ಲಿದ್ದರೂ ಒಂದು ಡಿಸ್ಕಿಗೆ ಹಿಡಿಸುವುದಿಲ್ಲ. ಕೆಲವರು ‘ಡಿವೈಡ್’ ಒತ್ತಿ ಮೂಲವನ್ನೇ ಎರಡು ತುಂಡು ಮಾಡುತ್ತಾರೆ. ಅದನ್ನು ಮತ್ತೆ ಜೋಡಿಸಲು ಬರುವುದಿಲ್ಲ, ತುಂಡಾದ ಜಾಗದಲ್ಲಿ ಅರ್ಧ ಸೆಕೆಂಡ್ ಹಾರಿಹೋಗುವುದೂ ಇದೆ. ಯಂತ್ರದಲ್ಲಿ ಪ್ಲೇಲಿಸ್ಟ್ ಸೌಲಭ್ಯ ಇದ್ದರೆ ಅದೇ ಒಳ್ಳೆಯದು. ಪ್ಲೇಲಿಸ್ಟ್ ಎಂದರೆ ‘ಇಲ್ಲಿಂದ ಇಲ್ಲಿಯವರೆಗೆ’ ಎಂಬ ಬರಿಯ ಗುರುತು, ಮೂಲಕ್ಕೆ ಕೈ ಹಾಕುವುದಿಲ್ಲ. ಮೊದಲ ಮೂರೂವರೆ ಗಂಟೆಗೆ ಒಂದು ಪ್ಲೇಲಿಸ್ಟ್, ನಂತರದ್ದಕ್ಕೆ ಇನ್ನೊಂದು, ಹೀಗೆ ಮಾಡಿ ಒಂದೊಂದನ್ನೇ ಡಿಸ್ಕಿಗೆ ಕಳಿಸಿ. ತುಂಡುಗಳು ಒಂದರ ಮೇಲೊಂದು ಒಂದು ನಿಮಿಷ ಬರುವಂತೆ ಇಟ್ಟರೆ ಆಮೇಲೆ ಜೋಡಿಸುವಾಗ ಭಾಗವತರ ಪದ ನಡುವೆ ಕಡಿಯುವುದಿಲ್ಲ.

ಡಿಸ್ಕ್ ಬರೆಯುತ್ತಿರುವಾಗ ಯಂತ್ರವನ್ನು ಮುಟ್ಟಬೇಡಿ, ಚಾನೆಲ್ ಬದಲಿಸಬೇಡಿ.

5. ಫೈನಲೈಸ್

ಇದನ್ನು ಮರೆತೇ ‘ಕಂಪ್ಯೂಟರಿನಲ್ಲಿ ಡಿಸ್ಕ್ ಖಾಲಿ ತೋರಿಸ್ತದೆ’ ಎಂದು ಅರ್ಧ ಜನ ಬರೆಯುವುದು. ಫೈನಲೈಸ್ ಎಂದರೆ ಬರೆದದ್ದು ಮುಗಿಯಿತು ಎಂದು ಡಿಸ್ಕಿಗೆ ಮುದ್ರೆ ಒತ್ತುವುದು. ಆರ್ ಡಿಸ್ಕುಗಳಿಗೆ, ವಿಡಿಯೋ ಮೋಡಿನ ಮೈನಸ್ ಆರ್‌ಡಬ್ಲ್ಯೂಗೆ ಇದು ಬೇಕೇ ಬೇಕು. ರ್‍ಯಾಮ್ ಡಿಸ್ಕಿಗೆ ಬೇಡ. ಕೆಲವು ನಿಮಿಷದ ಕೆಲಸ, ನಡುವೆ ಕರೆಂಟು ಹೋದರೆ ಡಿಸ್ಕ್ ಕೆಡುತ್ತದೆ. ಹಾರ್ಡ್‌ಡಿಸ್ಕಿನಲ್ಲಿ ಮೂಲ ಹಾಗೇ ಇರುವುದರಿಂದ ಇನ್ನೊಂದು ಡಿಸ್ಕಿಗೆ ಮತ್ತೆ ಬರೆಯಬಹುದು.

ಮೊದಲೇ ಬರೆದಿಟ್ಟ ಹಳೆಯ ಡಿಸ್ಕುಗಳು ಓಡದಿದ್ದರೆ ಎಸೆಯಬೇಡಿ. ಅದೇ ಯಂತ್ರಕ್ಕೆ ಹಾಕಿ ಈಗ ಫೈನಲೈಸ್ ಮಾಡಿ ನೋಡಿ.

6. ಕಂಪ್ಯೂಟರಿಗೆ ಇಳಿಸುವುದು

ಡಿಸ್ಕ್ ತೆರೆದರೆ ವಿಡಿಯೋ ಟಿಎಸ್ ಎಂಬ ಫೋಲ್ಡರ್, ಅದರೊಳಗೆ ವಿಒಬಿ ಎಂದು ಕೊನೆಗೊಳ್ಳುವ ಫೈಲುಗಳು ಕಾಣುತ್ತವೆ. ಒಂದೊಂದೂ 1 ಜಿಬಿಯ ತುಂಡು. ಅವನ್ನು ಹಾಗೇ ಎಳೆದು ಹಾಕಿಕೊಂಡರೆ ಒಂದು ಮದುವೆ ನಾಲ್ಕು ತುಂಡಾಗಿ ಕೂರುತ್ತದೆ. ಬದಲಿಗೆ ಮೇಕ್‌ಎಂಕೆವಿ ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದು ಒಂದು ಟೈಟಲ್ಲಿಗೆ ಒಂದು ಫೈಲ್ ಮಾಡಿ ಕೊಡುತ್ತದೆ, ಚಿತ್ರವನ್ನು ಮುಟ್ಟುವುದಿಲ್ಲ. ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ತಂತ್ರಾಂಶದಲ್ಲಿ ಓಡಿಸಿ ನೋಡಿ.

ವಿಆರ್ ಮೋಡಿನ ಡಿಸ್ಕಿನಲ್ಲಿ ಫೋಲ್ಡರ್ ಬೇರೆ ಇರುತ್ತದೆ, ಅದರಲ್ಲಿ ವಿಆರ್‌ಒ ಎಂದು ಕೊನೆಗೊಳ್ಳುವ ಒಂದೇ ದೊಡ್ಡ ಫೈಲ್. ಅದೂ ವಿಎಲ್‌ಸಿಯಲ್ಲಿ ಓಡುತ್ತದೆ. ಎಲ್ಲ ಟೈಟಲ್ಲುಗಳೂ ಅದೇ ಫೈಲಿನಲ್ಲಿ ಸೇರಿಕೊಂಡಿರುತ್ತವೆ, ಆದ್ದರಿಂದ ವಿಆರ್ ಡಿಸ್ಕಿಗೆ ಒಂದು ಸಲಕ್ಕೆ ಒಂದೇ ಕಾರ್ಯಕ್ರಮ ಹಾಕಿದರೆ ತಲೆನೋವು ಕಡಿಮೆ.

ಪೆನ್‌ಡ್ರೈವಿಗೆ ಹಾಕುವಾಗ ‘ಫೈಲ್ ತುಂಬ ದೊಡ್ಡದು’ ಎಂದು ಬಂದರೆ ಪೆನ್‌ಡ್ರೈವ್ ಫ್ಯಾಟ್32 ಕ್ರಮದಲ್ಲಿದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟಿಗೆ ಬದಲಿಸಿ, ಬದಲಿಸುವ ಮೊದಲು ಅದರಲ್ಲಿದ್ದದ್ದನ್ನು ತೆಗೆದಿಡಿ.

ವಾಟ್ಸಾಪಿಗೆ, ಮೊಬೈಲಿಗೆ ಬೇಕಾದರೆ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಚಿಕ್ಕದಾಗಿ ಇನ್ನೊಂದು ಪ್ರತಿ ಮಾಡಿ, ಅಲ್ಲಿ ಡಿಇಂಟರ್‌ಲೇಸ್ ಆನ್ ಇರಲಿ. ಹಳೆಯ ಟಿವಿ ಚಿತ್ರದಲ್ಲಿ ಗೆರೆಗಳು ಬಿಟ್ಟು ಬಿಟ್ಟು ಬರುತ್ತವೆ, ಅವನ್ನು ಕೂಡಿಸದಿದ್ದರೆ ವೇಷ ಗಿರಕಿ ಹೊಡೆಯುವಾಗ ಅಂಚೆಲ್ಲ ಬಾಚಣಿಗೆಯಂತೆ ಕಾಣುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಫೈಲಿಗೆ ವರ್ಷ, ಊರು, ಕಾರ್ಯಕ್ರಮದ ಹೆಸರು ಹಾಕಿ, ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇಡಿ. ಒಂದು ನಿಮ್ಮಲ್ಲಿ, ಇನ್ನೊಂದು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗಳ ಮನೆಯಲ್ಲಿ. ನಂತರವೇ ಆರ್‌ಡಬ್ಲ್ಯೂ ಡಿಸ್ಕ್ ಅಳಿಸಿ ಮುಂದಿನದಕ್ಕೆ ಹೋಗುವುದು.

7. ಏನಾದರೂ ಕೆಟ್ಟಿದ್ದರೆ

ಡಿವಿಡಿ ಟ್ರೇ ಕೆಟ್ಟು ಹಾರ್ಡ್‌ಡಿಸ್ಕ್ ಸರಿ ಇರುವುದೇ ಹೆಚ್ಚು, ಏಕೆಂದರೆ ಲೇಸರ್ ಮೊದಲು ಸವೆಯುತ್ತದೆ. ಆಗ ಯಂತ್ರದ ಹಿಂದಿನ ಹಳದಿ, ಬಿಳಿ, ಕೆಂಪು ಕೇಬಲನ್ನು ಯುಎಸ್‌ಬಿ ಕ್ಯಾಪ್ಚರ್ ಎಂಬ ಚಿಕ್ಕ ಸಾಧನಕ್ಕೆ ಹಾಕಿ, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಯಂತ್ರದಲ್ಲಿ ಪ್ಲೇ ಒತ್ತಿ ಒಬಿಎಸ್ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಬೇಕು. ಯಂತ್ರದಲ್ಲೂ ಕ್ಯಾಪ್ಚರಿನಲ್ಲೂ ಎಸ್-ವಿಡಿಯೋ ತೂತು ಇದ್ದರೆ ಹಳದಿ ಬಿಟ್ಟು ಅದನ್ನು ಬಳಸಿ, ಬಣ್ಣ ಚೆನ್ನಾಗಿ ಬರುತ್ತದೆ. ಸೆಟ್ಟಿಂಗ್ ಪಾಲ್ (PAL) ಎಂಬ ಟಿವಿ ಕ್ರಮ, 720×576, ಸೆಕೆಂಡಿಗೆ 25 ಚಿತ್ರ. ಎಚ್‌ಡಿಎಂಐಯಿಂದ ಹಿಡಿಯಲು ಹೋದರೆ ಹೆಚ್ಚಾಗಿ ಕಪ್ಪು ಪರದೆಯೇ ಸಿಗುವುದು, ಅದರಲ್ಲಿ ನಕಲು ತಡೆಯುವ ಬೀಗ ಇದೆ. ಮೊದಲು ಹತ್ತು ನಿಮಿಷ ಹಿಡಿದು, ಕೊನೆಯಲ್ಲಿ ಮಾತಿಗೂ ತುಟಿಗೂ ಹೊಂದಿಕೆ ಇದೆಯೇ ನೋಡಿ. ಇಲ್ಲದಿದ್ದರೆ ಎಂಟು ಗಂಟೆ ಹಿಡಿದ ಮೇಲೆ ಚೆಂಡೆ ಮೊದಲು, ಕುಣಿತ ಆಮೇಲೆ ಎಂದಾಗುತ್ತದೆ.

ಹಾರ್ಡ್‌ಡಿಸ್ಕೇ ಸಾಯುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಪ್ರತಿ ಸಲವೂ ಇನ್ನಷ್ಟು ಕೆಡುತ್ತದೆ. ಯಂತ್ರ ಬಿಚ್ಚುವ ಅಭ್ಯಾಸ ಇಲ್ಲದವರು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಪವರ್ ಬೋರ್ಡಿನ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ತಿಳಿದವರು ಮಾಡುವ ಕ್ರಮ ಹೀಗಿದೆ: ಡಿಸ್ಕನ್ನು ಹೊರಗೆ ತೆಗೆದು, ಲಿನಕ್ಸ್ ಕಂಪ್ಯೂಟರಿನಲ್ಲಿ ಡಿಡಿ ರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆದು, ಮೂಲವನ್ನು ಬದಿಗಿಟ್ಟು, ಆ ಪಡಿಯಚ್ಚನ್ನು ಐಸೋಬಸ್ಟರಿನಲ್ಲಿ ತೆರೆಯುವುದು. ಹಲವು ಕಂಪೆನಿಗಳ ರೆಕಾರ್ಡರುಗಳ ಬರೆಯುವ ಕ್ರಮ ಐಸೋಬಸ್ಟರಿಗೆ ಗೊತ್ತು. ಹಣ ಕೊಡಬೇಕಾದ ತಂತ್ರಾಂಶ, ಆದರೆ ಒಳಗೆ ಏನಿದೆ ಎಂದು ಕೊಳ್ಳುವ ಮೊದಲೇ ತೋರಿಸುತ್ತದೆ. 2005ರ ಆಸುಪಾಸಿನ ಯಂತ್ರಗಳಲ್ಲಿ ಅಗಲ ಪಟ್ಟಿ ಕೇಬಲಿನ ಐಡಿಇ ಡಿಸ್ಕ್ ಇರುವುದು ಜಾಸ್ತಿ. ಅದಕ್ಕೆ ಪ್ರತ್ಯೇಕ ಪವರ್ ಇರುವ ಅಡಾಪ್ಟರ್ ಬೇಕು.

ರಿಪೇರಿಗೆ ಕೊಡುವವರು ‘ಯಂತ್ರ ಸರಿಯಾಗಬೇಕಾಗಿಲ್ಲ, ಒಳಗಿನ ವಿಡಿಯೋ ಬೇಕು’ ಎಂದು ಮೊದಲೇ ಹೇಳಿ, ಚೀಟಿಯಲ್ಲಿ ಬರೆಸಿ. ಹೇಳದಿದ್ದರೆ ಹೊಸ ಡಿಸ್ಕ್ ಹಾಕಿ ಯಂತ್ರವನ್ನು ಚೊಕ್ಕ ಮಾಡಿ ಕೊಡುತ್ತಾರೆ, ಹಳೆಯದು ಅಲ್ಲೇ ಬಿಸಾಡಿರುತ್ತಾರೆ.

ಡಿಶ್ಶಿನ ರೆಕಾರ್ಡಿಂಗ್ ಬಾಕ್ಸ್ ಇದ್ದವರಿಗೆ

ಟಾಟಾ ಸ್ಕೈ ಪ್ಲಸ್ 2008ರಲ್ಲಿ ಬಂತು, ಆಮೇಲೆ ಬೇರೆಯವರದೂ ಬಂದವು. ಇವುಗಳಲ್ಲಿ ರೆಕಾರ್ಡಿಂಗ್ ಆ ಬಾಕ್ಸಿಗೇ ಬೀಗ ಹಾಕಿಕೊಂಡು ಕೂತಿರುತ್ತದೆ. ಡಿಸ್ಕ್ ಬಿಚ್ಚಿದರೂ, ಬೇರೆ ಬಾಕ್ಸಿಗೆ ಹಾಕಿದರೂ ತೆರೆಯುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳಲು ಒಂದು ಪ್ರತಿ ಬೇಕೆಂದರೆ ಹಳದಿ ಕೇಬಲಿನ ದಾರಿಯೊಂದೇ ಉಳಿದಿರುವುದು. ಡಿಶ್ ಕಂಪೆನಿ ಬದಲಿಸುವ ಯೋಚನೆ ಇದ್ದರೆ ಹಳೆಯ ಬಾಕ್ಸ್ ಹಿಂದಿರುಗಿಸುವ ಮೊದಲು ಇದನ್ನು ಮಾಡಿ.

ಕ್ಯಾಸೆಟ್ ಇದ್ದರೆ

ರೆಕಾರ್ಡರ್ ಸರಿ ಇದೆ, ವಿಡಿಯೋಗಳೆಲ್ಲ ಹೊರಗೆ ಬಂದಿವೆ ಎಂದಾದರೆ ಯಂತ್ರವನ್ನು ಕೂಡಲೇ ಗುಜರಿಗೆ ಕೊಡಬೇಡಿ. ಮನೆಯಲ್ಲಿರುವ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಉಳಿಸಲು ಇಷ್ಟು ಒಳ್ಳೆಯ ಸಾಧನ ಈಗ ಸುಲಭವಾಗಿ ಸಿಗುವುದಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪೆನಿ ಜಪಾನಿನ ಫುನಾಯ್ ಕೂಡ 2016ರಲ್ಲಿ ನಿಲ್ಲಿಸಿತು. ವಿಸಿಆರಿನ ಹಳದಿ, ಬಿಳಿ, ಕೆಂಪು ಔಟ್‌ಪುಟ್ಟನ್ನು ರೆಕಾರ್ಡರಿನ ಇನ್‌ಪುಟ್ಟಿಗೆ ಹಾಕಿ, ಎಸ್‌ಪಿ ಮೋಡಿನಲ್ಲಿ ಹಾರ್ಡ್‌ಡಿಸ್ಕಿಗೆ ಹಿಡಿಯಿರಿ. ಎಲ್‌ಪಿಗೆ ಇಳಿಯಬೇಡಿ, ಹೆಚ್ಚಿನ ಯಂತ್ರಗಳಲ್ಲಿ ಅಲ್ಲಿ ಚಿತ್ರದ ಅಡ್ಡ ವಿವರ ಅರ್ಧವಾಗುತ್ತದೆ. ಹೈ ಸ್ಪೀಡ್ ಕಾಪಿಯ ಸೆಟ್ಟಿಂಗನ್ನು ಈ ಸಲ ಮೊದಲೇ ಆನ್ ಮಾಡಿಡಿ.

ವಿಸಿಆರಿಗೆ ಹಾಕುವ ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯನ್ನು ನೋಡಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಸ್ಟು. ಅಂಥದ್ದನ್ನು ಹಾಕಿದರೆ ಬೂಸ್ಟು ವಿಸಿಆರಿನ ಹೆಡ್ಡಿಗೆ ಅಂಟಿ, ಅಲ್ಲಿಂದ ಮುಂದೆ ಹಾಕಿದ ಎಲ್ಲ ಕ್ಯಾಸೆಟ್ಟಿಗೂ ಹೋಗುತ್ತದೆ. ಬೂಸ್ಟು ಹಿಡಿದವನ್ನು ಬೇರೆ ಚೀಲದಲ್ಲಿ ಕಟ್ಟಿಡಿ, ಒಳ್ಳೆಯವನ್ನೆಲ್ಲ ಮುಗಿಸಿದ ಮೇಲೆ ಕ್ಯಾಸೆಟ್ ಶುಚಿ ಮಾಡುವವರ ಹತ್ತಿರ ಕೊಡಿ.